ಶಿಂಜುಕು ಗೇಟು, ಕುಮಾಮೊಟೊ ಬಸ್ಸು

ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ಒಂದು ಜಗಳ ಯಾವತ್ತೂ ಮುಗಿಯುವುದಿಲ್ಲ. ಜಪಾನಿನ ಫಾನಕ್ ಕಂಟ್ರೋಲ್ ವಾಸಿಯೋ, ಜರ್ಮನಿಯ ಸೀಮೆನ್ಸ್ ವಾಸಿಯೋ? ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್‌ನಲ್ಲಿ ಟೂಲ್ ಎಲ್ಲಿಗೆ ಹೋಗಬೇಕು, ಎಷ್ಟು ಸ್ಪೀಡಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವ ಪೆಟ್ಟಿಗೆ ಅದು. ಸೀಮೆನ್ಸ್ ಕಡೆಯವರು ಸ್ಕ್ರೀನ್ ತೋರಿಸುತ್ತಾರೆ. ಬಣ್ಣದ ಚಿತ್ರ, ಕಟಿಂಗ್ ಶುರುವಾಗುವ ಮೊದಲೇ ಜಾಬ್, ಅಂದರೆ ತಯಾರಾಗುವ ಪಾರ್ಟ್, ಹೇಗೆ ಬರುತ್ತದೆ ಎಂದು ನೋಡಿಕೊಳ್ಳಬಹುದು. ಫಾನಕ್ ಕಡೆಯವರಿಗೆ ತೋರಿಸಲಿಕ್ಕೆ ಅಂಥದ್ದೇನೂ ಇಲ್ಲ. ಸ್ಕ್ರೀನ್ ಹಳೇ ಕಾಲದ್ದು. "ಸಾರ್, ಈ ಮೆಷಿನ್ ಕಂಟ್ರೋಲ್ ಕೆಟ್ಟು ಯಾವತ್ತಾದ್ರೂ ನಿಂತಿದೆಯಾ ಹೇಳಿ" ಎಂದು ಒಂದೇ ಮಾತು ಕೇಳಿ ಸುಮ್ಮನಾಗುತ್ತಾರೆ.

ಆ ಹಳೇ ಸ್ಕ್ರೀನಿನ ಕೆಳಗೆ ಒಮ್ಮೊಮ್ಮೆ 'ಬ್ಯಾಟ್' ಎಂದು ಮಿನುಗುತ್ತದೆ. ಒಳಗಿನ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದು ಅರ್ಥ. ಪ್ರೋಗ್ರಾಮು, ಪ್ಯಾರಾಮೀಟರು (ಮೆಷಿನ್‌ನ ಸೆಟ್ಟಿಂಗುಗಳು), ಆಫ್‌ಸೆಟ್ಟು (ಟೂಲ್ ಅಳತೆಯ ತಿದ್ದುಪಡಿ) ಎಲ್ಲ ಉಳಿದಿರುವುದು ಆ ಸಣ್ಣ ಬ್ಯಾಟರಿಯಿಂದ. ಅದನ್ನು ಬದಲಿಸುವಾಗ ಮೆಷಿನ್ ಆನ್ ಇರಬೇಕು. ಹೊಸದಾಗಿ ಸೇರಿದ ಹುಡುಗರು ಮೇನ್ ಆಫ್ ಮಾಡಿಯೇ ಕೈ ಹಾಕಬೇಕು ಎಂದು ಐಟಿಐನಲ್ಲಿ ಕಲಿತು ಬಂದಿರುತ್ತಾರೆ. ಹಾಗೆ ಮಾಡಿದರೆ ಪ್ಯಾರಾಮೀಟರ್ ಎಲ್ಲ ಹಾರಿಹೋಗಿ, ಸರ್ವಿಸ್‌ನವರು ಬರುವ ತನಕ ಮೆಷಿನ್ ಸುಮ್ನೆ ಕೂತಿರುತ್ತದೆ. ಆದರೆ ಈ ಒಂದು ಮಡಿ ಕಾಪಾಡಿದರೆ ಮೆಷಿನ್ ಎಷ್ಟು ವರ್ಷ ಬೇಕಾದರೂ ದುಡಿಯುತ್ತದೆ. ಗ್ರಾಹಕ ಬಳಸುತ್ತಿರುವ ತನಕ ರಿಪೇರಿ ಮಾಡಿಕೊಡುತ್ತೇವೆ ಎನ್ನುವುದು ಫುಜಿ ಬೆಟ್ಟದ ಬುಡದಲ್ಲಿರುವ ಆ ಕಂಪನಿಯ ಪಾಲಿಸಿ.

ನಾನು ಆಟೋ ಪಾರ್ಟ್ಸ್ ಮಾಡುವ ಕಡೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು. ತರಬೇತಿಗೆಂದು ಜಪಾನಿನ ಆಯ್ಚಿ ಕಡೆಗೂ ಹೋಗಿ ಬಂದಿದ್ದೇನೆ. ಹಾಗಾಗಿ ಮದುವೆ ಮನೆಯಲ್ಲಿ ಯಾರಾದರೂ ಸಿಕ್ಕರೆ ಕೇಳುವುದು ಒಂದೇ ಪ್ರಶ್ನೆ. "ಜಪಾನ್ ನಿಜವಾಗ್ಲೂ ಅಷ್ಟು ಮುಂದಿದೆಯಾ?" ವಾಟ್ಸಾಪ್‌ನಲ್ಲಿ ಇದಕ್ಕೆ ಎರಡು ಪಂಗಡ. ಒಂದು ಬುಲೆಟ್ ಟ್ರೈನ್ ವಿಡಿಯೊ ಕಳಿಸುತ್ತದೆ. ಇನ್ನೊಂದು ನಗುತ್ತದೆ: 2020ರಲ್ಲಿ ಅಲ್ಲಿನ ಆಸ್ಪತ್ರೆಗಳು ಕೋವಿಡ್ ಲೆಕ್ಕವನ್ನು ಫ್ಯಾಕ್ಸ್‌ನಲ್ಲಿ ಕಳಿಸುತ್ತಿದ್ದವಂತೆ, ಸರ್ಕಾರಿ ನಿಯಮಗಳಿಂದ ಫ್ಲಾಪಿ ಡಿಸ್ಕನ್ನು ಪೂರ್ತಿ ತೆಗೆದುಹಾಕಿದ್ದು 2024ರಲ್ಲಂತೆ. ಎರಡೂ ನಿಜವೇ. ಆದರೆ ಮುಂದೆ, ಹಿಂದೆ ಎನ್ನುವ ಈ ಲೆಕ್ಕದಲ್ಲಿ ನನಗೆ ಆಸಕ್ತಿ ಕಮ್ಮಿ. ಕ್ವಾಲಿಟಿಯವನಿಗೆ ದಿನಾ ಎದುರಾಗುವ ಪ್ರಶ್ನೆ ಬೇರೆ. ಎಷ್ಟು ಚೆನ್ನಾಗಿದ್ದರೆ ಸಾಕು? ಆ 'ಸಾಕು' ಹೇಳಬೇಕಾದವರು ಯಾರು? ಜಪಾನನ್ನು ಚೀನಾ, ಕೊರಿಯಾ, ತೈವಾನ್, ಅಮೆರಿಕದ ಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವ ವ್ಯತ್ಯಾಸ ಎಲ್ಲ ಇಲ್ಲೇ ಇದೆ.

ಕ್ಯೂಆರ್ ಕೋಡನ್ನೇ ತಗೊಳ್ಳಿ. ಎಳನೀರಿನ ಗಾಡಿಯಿಂದ ಹಿಡಿದು ದೇವಸ್ಥಾನದ ಹುಂಡಿಯ ತನಕ ಎಲ್ಲ ಕಡೆ ಅಂಟಿಸಿರುವ ಆ ಚೌಕ ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ. ಹಣಕ್ಕೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ.

ಟೊಯೊಟಾಗೆ ಬಿಡಿಭಾಗ ಕೊಡುವ ಆಯ್ಚಿಯ ಡೆನ್ಸೊ ಕಂಪನಿಯಲ್ಲಿ ಪ್ರತಿ ಪೆಟ್ಟಿಗೆಯ ಜೊತೆ ಒಂದು ಕಾನ್ಬಾನ್ ಚೀಟಿ ಹೋಗುತ್ತಿತ್ತು. ಯಾವ ಪಾರ್ಟ್, ಎಷ್ಟು, ಎಲ್ಲಿಂದ ಎಲ್ಲಿಗೆ ಎನ್ನುವ ವಿವರ ಅದರಲ್ಲಿ. ಬಾರ್‌ಕೋಡ್‌ನಲ್ಲಿ ಸುಮಾರು 20 ಅಕ್ಷರ ಹಿಡಿಯುತ್ತದೆ ಅಷ್ಟೆ. ಕಾರಿನ ಮಾಡೆಲ್‌ಗಳು ಜಾಸ್ತಿಯಾದ ಹಾಗೆ ವಿವರವೂ ಜಾಸ್ತಿಯಾಗಿ, ಒಂದು ಪೆಟ್ಟಿಗೆಗೆ ಹತ್ತು ಬಾರ್‌ಕೋಡ್ ಅಂಟಿಸುವ ಪರಿಸ್ಥಿತಿ ಬಂತು. ಕೆಲಸದವರು ದಿನವಿಡೀ ಸ್ಕ್ಯಾನ್ ಮಾಡಿ ಮಾಡಿ ಸುಸ್ತಾಗುತ್ತಿದ್ದರು. ಇದನ್ನು ಸರಿ ಮಾಡಲು ಕೂತವರು ಮಸಾಹಿರೊ ಹಾರಾ ಎಂಬ ಎಂಜಿನಿಯರ್. ಮಧ್ಯಾಹ್ನದ ಬಿಡುವಿನಲ್ಲಿ 'ಗೊ' ಆಟ ಆಡುವಾಗ ಮಣೆಯ ಮೇಲಿನ ಕಪ್ಪು ಬಿಳಿ ಕಾಯಿಗಳನ್ನು ನೋಡಿ ಉಪಾಯ ಹೊಳೆಯಿತು ಎಂದು ಅವರೇ ಹೇಳಿದ್ದಾರೆ. 1994ರಲ್ಲಿ ಕೋಡ್ ಹೊರಬಂತು.

ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಮೂರು ಮೂಲೆಯ ಚೌಕಗಳು. ಸ್ಕ್ಯಾನರ್ ಮೊದಲು ಹುಡುಕುವುದು ಅವನ್ನೇ. ಆ ಚೌಕದ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು ಒಂದು ಪಾಲು, ಬಿಳಿ ಒಂದು, ಕಪ್ಪು ಮೂರು, ಬಿಳಿ ಒಂದು, ಕಪ್ಪು ಒಂದು ಪಾಲು ಬರುತ್ತದೆ. ಇದೇ ಅಳತೆ ಯಾಕೆ? ಪತ್ರಿಕೆ, ಕರಪತ್ರ, ರಟ್ಟಿನ ಡಬ್ಬಗಳ ಮೇಲಿನ ಅಚ್ಚನ್ನೆಲ್ಲ ಕಪ್ಪು ಬಿಳುಪಿಗೆ ಇಳಿಸಿ, ಎಲ್ಲಕ್ಕಿಂತ ಅಪರೂಪಕ್ಕೆ ಕಾಣುವ ಅನುಪಾತ ಯಾವುದು ಎಂದು ಹಾರಾ ಅವರ ತಂಡ ಹುಡುಕಿತು. ಸಿಕ್ಕಿದ್ದು ಇದು. ಹಾಗಾಗಿ ಸುತ್ತ ಏನೇ ಬರೆದಿದ್ದರೂ ಯಂತ್ರಕ್ಕೆ ಗೊಂದಲ ಆಗುವುದಿಲ್ಲ. ಕಾರ್ಖಾನೆಯಲ್ಲಿ ಗ್ರೀಸು, ಎಣ್ಣೆ, ಗೀರು ಇದ್ದದ್ದೇ ಅಲ್ವಾ? ಅದಕ್ಕೆಂದು ಕೋಡಿನ ಸುಮಾರು 30 ಶೇಕಡದ ತನಕ ಹಾಳಾದರೂ ಓದಲು ಬರುವ ಹಾಗೆ ಮಾಡಿದರು. ಇವತ್ತು ಬೋಂಡ ಕರಿಯುವವರ ಎಣ್ಣೆ ಕೈ ತಾಗಿ ಮಸುಕಾದ ಕೋಡ್ ಕೆಲಸ ಮಾಡುತ್ತಿದ್ದರೆ ಕಾರಣ ಆಯ್ಚಿಯ ಗ್ರೀಸು.

ಆಮೇಲೆ ಡೆನ್ಸೊ ಮಾಡಿದ ಕೆಲಸ ಜಪಾನಿನ ಕಂಪನಿಗಳು ಸಾಮಾನ್ಯವಾಗಿ ಮಾಡದ ಕೆಲಸ. ಪೇಟೆಂಟ್ ಇಟ್ಟುಕೊಂಡರು, ಆದರೆ ಯಾರ ಹತ್ತಿರವೂ ಹಣ ಕೇಳಲಿಲ್ಲ. ಯಾರು ಬೇಕಾದರೂ ಬಳಸಿ ಎಂದರು. 2000ದಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಕೂಡ ಆಯಿತು.

ಇದರ ಪಕ್ಕದಲ್ಲಿ ಇನ್ನೊಂದು ಜಪಾನಿ ಕೂಸನ್ನು ನಿಲ್ಲಿಸಬೇಕು. ರೈಲಿನ ಗೇಟಿಗೆ ತಾಗಿಸಿ ಹೋಗುವ ಸುಯಿಕಾ ಕಾರ್ಡ್. ಒಳಗಿರುವುದು ಸೋನಿಯ ಫೆಲಿಕಾ ಚಿಪ್. ಹಾಂಗ್‌ಕಾಂಗ್‌ನ ಆಕ್ಟೋಪಸ್ ಕಾರ್ಡ್‌ನಲ್ಲಿ 1997ರಲ್ಲೇ ಬಳಕೆಗೆ ಬಂತು. ಟೋಕಿಯೊದ ರೈಲುಗಳಲ್ಲಿ ಜೆಆರ್ ಈಸ್ಟ್ ಕಂಪನಿ ಸುಯಿಕಾವನ್ನು ಶುರು ಮಾಡಿದ್ದು 2001ರ ನವೆಂಬರ್‌ನಲ್ಲಿ.

ಟೋಕಿಯೊದ ಶಿಂಜುಕು ಸ್ಟೇಷನ್‌ಗೆ ಕೋವಿಡ್‌ಗೂ ಮುಂಚೆ ದಿನಕ್ಕೆ 35 ಲಕ್ಷದಷ್ಟು ಜನ ಬಂದು ಹೋಗುತ್ತಿದ್ದರು. ಬೆಳಗಿನ ಹೊತ್ತು ಅಲ್ಲಿನ ಟಿಕೆಟ್ ಗೇಟ್ ಪಕ್ಕ ನಿಂತು ನೋಡಬೇಕು. ಯಾರೂ ನಿಲ್ಲುವುದಿಲ್ಲ. ನಡಿಗೆ ನಿಧಾನ ಕೂಡ ಆಗುವುದಿಲ್ಲ. ಕೈ ಹಾಗೇ ಪಕ್ಕಕ್ಕೆ ಸರಿದು ಕಾರ್ಡ್ ತಾಗಿಸಿ ಮುಂದೆ ಹೋಗುತ್ತದೆ. ಒಂದು ಗೇಟಿನಲ್ಲಿ ನಿಮಿಷಕ್ಕೆ 60 ಜನ ದಾಟಬೇಕು ಎನ್ನುವುದು ಲೆಕ್ಕ. ಹಾಗಾಗಬೇಕಾದರೆ ಕಾರ್ಡ್ ಓದಿ, ಹಣ ಕಳೆದು, ಮತ್ತೆ ಬರೆದು, ಬಾಗಿಲಿಗೆ ಹೇಳುವುದೆಲ್ಲ 0.2 ಸೆಕೆಂಡಿನಲ್ಲಿ ಮುಗಿಯಬೇಕು. ಶುರುವಿನ ಪ್ರಯೋಗಗಳಲ್ಲಿ ಜನರಿಗೆ ಕಾರ್ಡ್ ಎಲ್ಲಿ ತಾಗಿಸಬೇಕು ಎಂದೇ ತಿಳಿಯುತ್ತಿರಲಿಲ್ಲವಂತೆ. ಶುಂಜಿ ಯಮನಾಕಾ ಎಂಬ ಡಿಸೈನರ್ ಬಗೆಬಗೆಯ ಓರೆಗಳನ್ನು ಜನರ ಕೈಯಲ್ಲೇ ಪರೀಕ್ಷೆ ಮಾಡಿಸಿ, ಕಾರ್ಡ್ ತಾಗಿಸುವ ಜಾಗವನ್ನು 13.5 ಡಿಗ್ರಿ ಓರೆ ಮಾಡಿದರು. ಹದಿಮೂರೂ ಅಲ್ಲ, ಹದಿನಾಲ್ಕೂ ಅಲ್ಲ. ಈ ಅರ್ಧ ಡಿಗ್ರಿ ಓದಿದಾಗ ನನ್ನಂಥ ಕ್ವಾಲಿಟಿಯವನಿಗೆ ಕಣ್ಣು ತುಂಬಿ ಬರುತ್ತದೆ.

ಬೇರೆಯವರಿಗೆ ಇಷ್ಟು ಬೇಕಾಗಿರಲಿಲ್ಲ. ಲಂಡನ್‌ನವರು ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹೋಗುವ ವ್ಯವಸ್ಥೆಯನ್ನು 2012ರಲ್ಲಿ ಬಸ್ಸಿಗೆ, 2014ರಲ್ಲಿ ಮೆಟ್ರೋಗೆ ತಂದಾಗ ಅರ್ಧ ಸೆಕೆಂಡ್ ಸಾಕು ಎಂದುಕೊಂಡರು. ಅರ್ಧ ಸೆಕೆಂಡಿನಲ್ಲಿ ಲಂಡನ್ ಆರಾಮಾಗಿ ನಡೆಯುತ್ತಿದೆ. ಆದರೆ ಅದೇ ಅರ್ಧ ಸೆಕೆಂಡನ್ನು ಬೆಳಗಿನ ಶಿಂಜುಕುವಿಗೆ ತಂದರೆ ಜನ ಪ್ಲಾಟ್‌ಫಾರ್ಮ್ ತನಕ ತುಂಬಿಕೊಳ್ಳುತ್ತಾರೆ. ಇಷ್ಟರ ಮಟ್ಟಿಗೆ ಜಪಾನಿನ 0.2 ಹುಚ್ಚು ಅಲ್ಲ, ಅಗತ್ಯ. ಆ್ಯಪಲ್ ಕಂಪನಿ ಕೂಡ 2016ರಲ್ಲಿ ಜಪಾನಿನಲ್ಲಿ ಮಾರುವ ಐಫೋನ್ 7ಕ್ಕೆ ಫೆಲಿಕಾ ಹಾಕಿತು. ಯಾರ ಮಾತಿಗೂ ಜಗ್ಗದ ಕಂಪನಿ ಅದು. ಟೋಕಿಯೊ ಗೇಟಿಗೆ ತಲೆ ಬಾಗಿಸಿತು.

ನಮ್ಮ ಮೆಜೆಸ್ಟಿಕ್ ಮೆಟ್ರೋ ಗೇಟಿನಲ್ಲಿ ಕ್ಯೂಆರ್ ಟಿಕೆಟ್‌ನವರನ್ನು ನೋಡಿದ್ದೀರಲ್ಲ? ವಾಟ್ಸಾಪ್ ತೆಗೆಯಬೇಕು, ಮೇಲೆ ಕೆಳಗೆ ಸರಿಸಿ ಟಿಕೆಟ್ ಹುಡುಕಬೇಕು, ಬ್ರೈಟ್‌ನೆಸ್ ಜಾಸ್ತಿ ಮಾಡಬೇಕು, ಗಾಜಿನ ಮೇಲೆ ಫೋನ್ ಹಿಡಿದು ಅಲ್ಲಾಡಿಸಬೇಕು. ಹಿಂದಿನವರು "ಬೇಗ ಮಾಡ್ರೀ" ಎಂದು ಗೊಣಗಬೇಕು. ಶಿಂಜುಕುವಿನ ಕಣ್ಣಿಗೆ ಇದು ತಂತ್ರಜ್ಞಾನವೇ ಅಲ್ಲ. ಆದರೆ 2022ರ ನವೆಂಬರ್‌ನಲ್ಲಿ ಇದನ್ನು ಶುರು ಮಾಡಿದಾಗ ಪ್ರಯಾಣಿಕರಿಗೆ ಹೊಸ ಕಾರ್ಡ್ ಬೇಕಾಗಲಿಲ್ಲ, ಚಿಪ್ ಬೇಕಾಗಲಿಲ್ಲ. ಜೇಬಿನಲ್ಲಿರುವ ಫೋನೇ ಸಾಕಾಯಿತು. ತಮಾಷೆ ಏನೆಂದರೆ, ಆ ನಿಧಾನದ ಚೌಕವೂ ಜಪಾನಿನದ್ದೇ.

ಅದನ್ನು ಹಣಕ್ಕೆ ಬಳಸಬಹುದು ಎಂದು ದೊಡ್ಡ ಮಟ್ಟದಲ್ಲಿ ತೋರಿಸಿದವರು ಚೀನಾದವರು. 2011ರಿಂದ ಈಚೆಗೆ ಅಲಿಪೇ, ಆಮೇಲೆ ವೀಚಾಟ್. ತರಕಾರಿ ಮಾರುವ ಅಜ್ಜಿಗೆ ಕಾರ್ಡ್ ಯಂತ್ರ ಕೊಡಿಸುವುದು ಯಾರಿಗೆ ಲಾಭ? ಒಂದು ಕಾಗದ ಅಂಟಿಸಿದರೆ ಮುಗಿಯಿತು. ನಮ್ಮಲ್ಲಿ 2016ರಲ್ಲಿ ಯುಪಿಐ ಬಂತು. ಆ ವರ್ಷದ ಕೊನೆಗೆ ನೋಟು ರದ್ದಾಗಿ ಎಲ್ಲರೂ ಫೋನ್ ಹಿಡಿದರು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ ಯುಪಿಐ ವ್ಯವಹಾರ 2,000 ಕೋಟಿ ದಾಟಿತು. ಬಡವರ, ಬೀದಿ ಬದಿಯವರ, ಚಿಲ್ಲರೆ ಇಲ್ಲದವರ ದೇಶಕ್ಕೆ 0.2 ಸೆಕೆಂಡ್ ಬೇಕಿರಲಿಲ್ಲ. ಬೇಕಿದ್ದದ್ದು ಪುಕ್ಕಟೆ.

(ಪುಕ್ಕಟೆಗೂ ಅದರದ್ದೇ ತಾಪತ್ರಯ ಇದೆ ಬಿಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದು ನೇತುಹಾಕಿದರು. ಹಾರಾ ಅವರ 30 ಶೇಕಡ ಲೆಕ್ಕದಲ್ಲಿ ಈ ತರದ ಹಾನಿ ಸೇರಿರಲಿಲ್ಲ.)

ಇನ್ನು ಜಪಾನಿನ ಕಥೆ. ಕ್ಯೂಆರ್ ಮತ್ತು ಫೆಲಿಕಾ ಎರಡನ್ನೂ ಹೆತ್ತ ದೇಶದಲ್ಲಿ ಅಂಗಡಿಯವರು ಬಹುಕಾಲ ನಗದನ್ನೇ ನೆಚ್ಚಿಕೊಂಡಿದ್ದರು. ಫೆಲಿಕಾ ಯಂತ್ರ ಸಣ್ಣ ಅಂಗಡಿಗೆ ದುಬಾರಿ. ಕ್ಯೂಆರ್ ಎಂದರೆ ಜಾಹೀರಾತಿನ ಮೂಲೆಯಲ್ಲಿರುವ ಚೌಕ ಅಷ್ಟೇ. ಕೊನೆಗೆ 2018ರ ಅಕ್ಟೋಬರ್‌ನಲ್ಲಿ ಸಾಫ್ಟ್‌ಬ್ಯಾಂಕ್ ಮತ್ತು ಯಾಹೂ ಜಪಾನ್ ಸೇರಿ ಪೇಪೇ ಎಂಬ ಕ್ಯೂಆರ್ ಪಾವತಿ ಶುರು ಮಾಡಿದವು. ಅದಕ್ಕೆ ತಂತ್ರಜ್ಞಾನ ಕೊಟ್ಟವರು ಯಾರು ಗೊತ್ತಾ? ನಮ್ಮ ನೋಯ್ಡಾದ ಪೇಟಿಎಂ. ಅದೇ ಡಿಸೆಂಬರ್‌ನಲ್ಲಿ 1,000 ಕೋಟಿ ಯೆನ್ ವಾಪಸ್ ಕೊಡುವ ಆಫರ್ ಹಾಕಿದರು, ಹತ್ತೇ ದಿನಕ್ಕೆ ಖಾಲಿ. ಈಗ ಅದಕ್ಕೆ 7 ಕೋಟಿ ಬಳಕೆದಾರರು. 12 ಕೋಟಿ ಚಿಲ್ಲರೆ ಜನರಿರುವ ದೇಶದಲ್ಲಿ. ಇಷ್ಟಾಗಿಯೂ 2024ರಲ್ಲಿ ಜಪಾನಿನ ಖರೀದಿಯಲ್ಲಿ ನಗದು ಇಲ್ಲದ್ದು 42.8 ಶೇಕಡ ಮಾತ್ರ. ಆಯ್ಚಿಯಲ್ಲಿ ಹುಟ್ಟಿದ ಚೌಕ ಚೀನಾದಲ್ಲಿ ದುಡ್ಡು ಎಣಿಸುವುದನ್ನು ಕಲಿತು, ನೋಯ್ಡಾ ಮೂಲಕ ತವರಿಗೆ ಬಂತು.

ಕೊಟ್ಟ ಕೆಲಸವನ್ನು ಜಪಾನ್ ಅದರ ಅಂಚಿನ ತನಕ ಮಾಡುತ್ತದೆ. ಆದರೆ ಆ ಕೆಲಸ ಯಾರಿಗೆ ಎನ್ನುವುದನ್ನು ಅತಿ ಕಠಿಣವಾದ ಗಿರಾಕಿಯನ್ನು ನೋಡಿ ತೀರ್ಮಾನ ಮಾಡುತ್ತದೆ. ಆಮೇಲೆ ಅದನ್ನೇ ಎಲ್ಲರಿಗೂ ಕೊಡುತ್ತದೆ. ಶಿಂಜುಕುವಿಗೆ ಮಾಡಿದ್ದನ್ನು ಹಳ್ಳಿ ಬಸ್ಸಿಗೂ ಹಾಕುವುದು ನಾಲ್ಕು ಜನರ ಮನೆಗೆ ಮದುವೆ ಅಡುಗೆಯವರನ್ನು ಕರೆಸಿದ ಹಾಗೆ.

ಚಿಪ್‌ಗಳ ವಿಷಯದಲ್ಲಿ ಇದಕ್ಕೆ ಅವರು ಕೊಟ್ಟ ಬೆಲೆ ಸಣ್ಣದಲ್ಲ. 1988ರಲ್ಲಿ ಜಗತ್ತಿನ ಸೆಮಿಕಂಡಕ್ಟರ್ ಮಾರಾಟದಲ್ಲಿ ಹೆಚ್ಚುಕಡಿಮೆ ಅರ್ಧ ಜಪಾನಿನ ಕಂಪನಿಗಳದ್ದು. ಈಗ ಹತ್ತನೇ ಒಂದು ಪಾಲಿನ ಆಸುಪಾಸು. 1986ರ ಚಿಪ್ ವ್ಯಾಪಾರದ ಒಪ್ಪಂದದಲ್ಲಿ ಅಮೆರಿಕ ಅವರ ಕೈ ಕಟ್ಟಿಹಾಕಿತು ಎನ್ನುವುದು ಒಂದು ಕಾರಣ, ಸುಳ್ಳಲ್ಲ. ಆದರೆ ಆ ಉದ್ಯಮದಲ್ಲಿ ದುಡಿದ ಜಪಾನಿ ಎಂಜಿನಿಯರ್‌ಗಳೇ ಹೇಳುವ ಇನ್ನೊಂದು ಕಾರಣ ನನಗೆ ಹೆಚ್ಚು ನಾಟುತ್ತದೆ. ಅವರ ಮೆಮೊರಿ ಚಿಪ್‌ಗಳು ಬ್ಯಾಂಕು, ಟೆಲಿಫೋನ್ ಎಕ್ಸ್‌ಚೇಂಜಿನ ದೊಡ್ಡ ಕಂಪ್ಯೂಟರ್‌ಗಳಿಗೆ ಮಾಡಿದವು. 25 ವರ್ಷ ಬಾಳಬೇಕು ಎಂದು ಗಿರಾಕಿ ಕೇಳಿದ, ಇವರು ಮಾಡಿಕೊಟ್ಟರು. ಅಷ್ಟರಲ್ಲಿ ಮನೆ ಮನೆಗೆ ಪಿಸಿ ಬಂತು. ಪಿಸಿಯನ್ನು ಕೆಲವೇ ವರ್ಷದಲ್ಲಿ ಎಸೆಯುತ್ತೇವೆ. ಕೊರಿಯಾದವರು ಅಷ್ಟಕ್ಕೇ ಸಾಕಾಗುವ ಚಿಪ್ಪನ್ನು ಅಗ್ಗಕ್ಕೆ ಮಾಡಿದರು. ಜಪಾನಿನವರು 25 ವರ್ಷದ ಹಂತಗಳನ್ನೂ ಟೆಸ್ಟುಗಳನ್ನೂ ಬಿಡಲಿಲ್ಲ. ಎನ್‌ಇಸಿ ಮತ್ತು ಹಿಟಾಚಿಯ ಮೆಮೊರಿ ವಿಭಾಗ ಸೇರಿ ಆದ ಎಲ್ಪಿಡಾ ಕಂಪನಿ 2012ರಲ್ಲಿ ದಿವಾಳಿಯಾಯಿತು. ಮರುವರ್ಷ ಅಮೆರಿಕದ ಮೈಕ್ರಾನ್ ಕೊಂಡುಕೊಂಡಿತು.

ಕ್ವಾಲಿಟಿ ಮೀಟಿಂಗ್‌ನಲ್ಲಿ ಇದನ್ನು ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ನಾನಂತೂ ಒಂದು ಟೆಸ್ಟ್ ತೆಗೆಯಿರಿ ಎಂದು ಯಾರಾದರೂ ಅಂದರೆ ಸಾಕು, ಎದ್ದು ನಿಂತು ಜಗಳ ಆಡಿದ್ದೇನೆ. ಟೆಸ್ಟ್ ಸೇರಿಸುವುದು ಸುಲಭ. ತೆಗೆದವನ ಹೆಸರು ಮಾತ್ರ ಮುಂದೆ ಏನಾದರೂ ಆದರೆ ರಿಪೋರ್ಟ್‌ನಲ್ಲಿ ಬರುತ್ತದೆ. ಹಾಗಾಗಿ ಯಾರೂ ತೆಗೆಯುವುದಿಲ್ಲ. ಇದು ಪೀಣ್ಯದಲ್ಲೂ ಇದೆ, ನಗೋಯಾದಲ್ಲೂ ಇದೆ.

ಚಿಪ್ ಅಚ್ಚು ಹಾಕುವ ಯಂತ್ರದಲ್ಲೂ ಹೀಗೇ ಆಯಿತು. ಒಂದು ಕಾಲಕ್ಕೆ ನಿಕಾನ್ ಮತ್ತು ಕೆನಾನ್ ಆಳುತ್ತಿದ್ದ ಲೋಕ ಅದು. ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಲೆನ್ಸನ್ನು ಜರ್ಮನಿಯ ಝೈಸ್‌ನಿಂದ, ಉಳಿದದ್ದನ್ನು ಹತ್ತಾರು ಕಡೆಯಿಂದ ತರಿಸಿ ಜೋಡಿಸಿತು. ನಿಕಾನ್ ಹೆಚ್ಚಿನದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿತ್ತು. ಇವತ್ತು ಅತಿ ಸೂಕ್ಷ್ಮ ಚಿಪ್‌ಗಳಿಗೆ ಬೇಕಾದ ಇಯುವಿ ಯಂತ್ರ ಮಾಡುವವರು ಜಗತ್ತಿನಲ್ಲಿ ಎಎಸ್‌ಎಂಎಲ್ ಒಬ್ಬರೇ.

ಹಾಗಾದರೆ ಜಪಾನ್ ಚಿಪ್ ಲೋಕದಿಂದ ಎದ್ದು ಹೋಯಿತಾ? ಇಲ್ಲ, ಕೆಳಗಿಳಿದು ಕೂತಿದೆ. ಕಣ್ಣಿಗೆ ಕಾಣದ ಜಾಗದಲ್ಲಿ.

ನಮ್ಮ ಗೋಬಿ ಮಂಚೂರಿ ಗಾಡಿಯಲ್ಲಿ ಡಬ್ಬಿಯಿಂದ ಚಿಟಿಕೆ ತೆಗೆದು ಹಾಕುತ್ತಾರಲ್ಲ, ಅಜಿನೊಮೊಟೊ. ಅದು ಜಪಾನಿನ ಕಂಪನಿಯ ಹೆಸರು. ಕಿಕುನಾಯೆ ಇಕೆದಾ ಎಂಬ ಪ್ರೊಫೆಸರ್ 1908ರಲ್ಲಿ ಕೊಂಬು ಎಂಬ ಕಡಲ ಪಾಚಿಯ ಸಾರಿನಿಂದ ಆ ರುಚಿಯನ್ನು ಬೇರೆ ಮಾಡಿದರು, ಮರುವರ್ಷ ಮಾರಾಟಕ್ಕೆ ಬಂತು. ಅದೇ ಕಂಪನಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇದೆ. ಪ್ರೊಸೆಸರ್ ಚಿಪ್‌ನ ತಂತಿಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಮದರ್‌ಬೋರ್ಡ್‌ನ ತಂತಿಗಳು ಅದಕ್ಕೆ ಹೋಲಿಸಿದರೆ ಹೆದ್ದಾರಿ. ಎರಡನ್ನೂ ಕೂಡಿಸಲು ನಡುವೆ ಪದರ ಪದರವಾಗಿ ತಾಮ್ರದ ಗೆರೆ ಎಳೆಯಬೇಕು. ಪದರಗಳ ನಡುವೆ ಕರೆಂಟ್ ಹರಿಯದ ತೆಳು ಹಾಳೆ ಬೇಕು. ಮೊದಲು ಇದಕ್ಕೆ ಶಾಯಿಯಂಥ ದ್ರವ ಬಳಿದು ಒಣಗಿಸುತ್ತಿದ್ದರು. ಒಣಗಲು ಹೊತ್ತು, ಧೂಳು ಬೇರೆ. ಅಮೈನೊ ಆಮ್ಲದ ರಸಾಯನ ಶಾಸ್ತ್ರ ಅರೆದು ಕುಡಿದಿದ್ದ ಅಜಿನೊಮೊಟೊದವರು 1990ರ ದಶಕದ ಕೊನೆಗೆ ಇದನ್ನು ಹಾಳೆಯ ರೂಪದಲ್ಲೇ ಮಾಡಿಕೊಟ್ಟರು. ಈಗ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರ್‌ಗಳ ಮುಖ್ಯ ಚಿಪ್‌ನ ಕೆಳಗೂ ಆ ಹಾಳೆ ಇದೆ. ಕೋವಿಡ್ ಹೊತ್ತಿಗೆ ಇದಕ್ಕೆ ಅಭಾವ ಬಂದಾಗ ಚಿಪ್ ಮಾಡುವವರೆಲ್ಲ ಪೇಚಾಡಿದರು.

ಇಂಥವು ಇನ್ನೂ ಇವೆ. ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳಲ್ಲಿ ಜಗತ್ತಿನ ಅರ್ಧದಷ್ಟು ಶಿನ್-ಎತ್ಸು ಮತ್ತು ಸುಮ್ಕೊ ಎಂಬ ಎರಡು ಜಪಾನಿ ಕಂಪನಿಗಳದ್ದು. ಬಿಲ್ಲೆಯ ಮೇಲೆ ಬಳಿಯುವ ಫೋಟೊರೆಸಿಸ್ಟ್ ಎಂಬ ದ್ರವದಲ್ಲೂ ಅವರದ್ದೇ ಮೇಲುಗೈ. 2019ರ ಜುಲೈನಲ್ಲಿ ಜಪಾನ್ ಸರ್ಕಾರ ಫೋಟೊರೆಸಿಸ್ಟ್ ಸೇರಿ ಮೂರೇ ಮೂರು ವಸ್ತುಗಳನ್ನು ಕೊರಿಯಾಗೆ ಕಳಿಸುವ ನಿಯಮ ಬಿಗಿ ಮಾಡಿತು. ಮೆಮೊರಿಯಲ್ಲಿ ಜಪಾನನ್ನು ಸೋಲಿಸಿದ್ದ ಸ್ಯಾಮ್‌ಸಂಗ್‌ನ ಮುಖ್ಯಸ್ಥರೇ ವಿಮಾನ ಹತ್ತಿ ಟೋಕಿಯೊಗೆ ಓಡಿದರು.

ಇಲ್ಲಿ ಯಾಕೆ ಗೆದ್ದರು? ಇಲ್ಲಿನ ಗಿರಾಕಿ ಎಂದೂ ಸಾಕು ಎನ್ನುವುದಿಲ್ಲ. ಶುದ್ಧ ಎಂದರೆ ಇನ್ನೂ ಶುದ್ಧ ಬೇಕು. ಅದೇ ಪಾಕವನ್ನು ಮೂವತ್ತು ವರ್ಷ ಕಲಕುತ್ತಾ ಕೂರುವ ತಾಳ್ಮೆ ಬೇಕು. ಇದು ಇಡೀ ಲೋಕಕ್ಕೇ ಶಿಂಜುಕು ಇದ್ದ ಜಾಗ.

ರೈಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬೇಗ ಮುಗಿಸುತ್ತೇನೆ. 1964ರ ಅಕ್ಟೋಬರ್ 1ರಂದು ಶುರುವಾದ ಶಿಂಕಾನ್‌ಸೆನ್ ಬುಲೆಟ್ ಟ್ರೈನ್‌ನಲ್ಲಿ ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಇವತ್ತಿನ ತನಕ ಒಬ್ಬ ಪ್ರಯಾಣಿಕರೂ ಸತ್ತಿಲ್ಲ. ಆ ಒಂದು ಸಾಲಿನ ಮುಂದೆ ಯಾವ ದೇಶದ ವೇಗದ ದಾಖಲೆಯೂ ನನಗೆ ದೊಡ್ಡದಲ್ಲ. ಚೀನಾ ಮೊದಮೊದಲು ಜಪಾನ್, ಜರ್ಮನಿ, ಫ್ರಾನ್ಸ್ ಎಲ್ಲರಿಂದ ತಂತ್ರಜ್ಞಾನ ತಗೊಂಡು ಈಗ ವೇಗದ ರೈಲು ಮಾರ್ಗದಲ್ಲಿ 45,000 ಕಿ.ಮೀ. ದಾಟಿದೆ. ಜಪಾನಿನದ್ದು ಸುಮಾರು 3,000 ಕಿ.ಮೀ. 2015ರಲ್ಲಿ ಗಂಟೆಗೆ 603 ಕಿ.ಮೀ. ಓಡಿ ತೋರಿಸಿದ ಜಪಾನಿನ ಮ್ಯಾಗ್ಲೆವ್ (ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ರೈಲು), ಶಿಜುವೊಕಾದಲ್ಲಿ ಸುರಂಗ ಕೊರೆದರೆ ನದಿ ನೀರು ಏನಾಗುತ್ತದೆ ಎನ್ನುವ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಇತ್ತ ನಮ್ಮ ಮೆಟ್ರೋ ಎಲ್ಲರ ಮನೆಯ ಅಡುಗೆ: ಸಾಲ ಕೊಟ್ಟವರಲ್ಲಿ ಜಪಾನ್ ಇದೆ, ಮೊದಲ ಬೋಗಿಗಳನ್ನು ಕೊರಿಯಾದವರ ಜೊತೆ ಸೇರಿ ಬೆಮೆಲ್ ಮಾಡಿತು, ಹಳದಿ ಮಾರ್ಗಕ್ಕೆ ಚೀನಾ ಕಂಪನಿಯ ರೈಲು.

ಆದರೆ ಸೆಕೆಂಡ್ ಲೆಕ್ಕದ ಈ ಹಟವನ್ನು ಬರೀ ಹೊಗಳಿ ಬಿಡಲು ನನಗೆ ಮನಸ್ಸಿಲ್ಲ. 2005ರ ಏಪ್ರಿಲ್ 25ರಂದು ಅಮಗಸಾಕಿಯಲ್ಲಿ ಒಂದು ಲೋಕಲ್ ರೈಲು ತಿರುವಿನಲ್ಲಿ ಹಳಿ ತಪ್ಪಿ ಅಪಾರ್ಟ್‌ಮೆಂಟ್‌ಗೆ ನುಗ್ಗಿತು. ಚಾಲಕ ಸೇರಿ 107 ಜನ ಸತ್ತರು. ಹಿಂದಿನ ಸ್ಟೇಷನ್‌ನಲ್ಲಿ ರೈಲು ನಿಲ್ಲಬೇಕಾದ ಜಾಗ ದಾಟಿ ನಿಂತು ಒಂದೂವರೆ ನಿಮಿಷದಷ್ಟು ತಡವಾಗಿತ್ತು. 70 ಕಿ.ಮೀ. ಮಿತಿಯ ತಿರುವಿಗೆ ಚಾಲಕ 116ರಲ್ಲಿ ಬಂದ. ತಡ ಮಾಡಿದ ಚಾಲಕರಿಗೆ ಮರುತರಬೇತಿ ಎಂಬ ಹೆಸರಿನಲ್ಲಿ ಅವಮಾನದ ಶಿಕ್ಷೆ ಇರುತ್ತಿತ್ತು. ಆ ಹುಡುಗನಿಗೆ 23 ವರ್ಷ. ಒಂದೂವರೆ ನಿಮಿಷಕ್ಕೆ ಯಾರಾದರೂ 'ಹೋಗಲಿ ಬಿಡು' ಎನ್ನಬಹುದಿತ್ತು. ಹಾಗೆನ್ನುವುದು ಯಾರ ಕೆಲಸವೂ ಆಗಿರಲಿಲ್ಲ.

ಸಾಫ್ಟ್‌ವೇರ್‌ನಲ್ಲಿ ಜಪಾನ್ ಹಿಂದೆ ಎನ್ನುವ ಮಾತಿದೆಯಲ್ಲ, ಅದೂ ಇದರ ಇನ್ನೊಂದು ಮುಖ ಎಂದು ನನ್ನ ಅನಿಸಿಕೆ. ಅಮೆರಿಕದವರು ಅರೆಬೆಂದದ್ದನ್ನು ಬಡಿಸಿ, ಗಿರಾಕಿ ಉಗಿದ ಹಾಗೆ ಸರಿ ಮಾಡುತ್ತಾ ಹೋಗುತ್ತಾರೆ. ಕಬ್ಬಿಣಕ್ಕೆ ಹಾಗೆ ಮಾಡಲು ಬರುವುದಿಲ್ಲ. ಬ್ರೇಕ್ ಪಾರ್ಟ್ ಕಳಿಸಿಬಿಟ್ಟು ಆಮೇಲೆ ಅಪ್‌ಡೇಟ್ ಕಳಿಸುತ್ತೇನೆ ಎನ್ನಲು ಆಗುತ್ತದಾ? ಕಬ್ಬಿಣದಲ್ಲಿ ಪಳಗಿದ ಕೈಗೆ ಆ ಉಡಾಫೆ ಬರುವುದು ಕಷ್ಟ. 2023ರ ಆಗಸ್ಟ್ 29ರಂದು ಟೊಯೊಟಾದ ಜಪಾನಿನ 14 ಕಾರ್ಖಾನೆಗಳೂ ನಿಂತವು. ಕಾರಣ, ಬಿಡಿಭಾಗ ಆರ್ಡರ್ ಮಾಡುವ ಸರ್ವರ್‌ನಲ್ಲಿ ಡಿಸ್ಕ್ ತುಂಬಿಹೋಗಿತ್ತು. ಗುಡ್ ಮಾರ್ನಿಂಗ್ ಚಿತ್ರಗಳಿಂದ ನಮ್ಮ ಚಿಕ್ಕಮ್ಮನ ಫೋನ್‌ಗೆ ಆಗುವುದು ಅದೇ. ದಾರ ತುಂಡಾದ ತಕ್ಷಣ ತಾನೇ ನಿಲ್ಲುವ ಮಗ್ಗದಿಂದ ಹುಟ್ಟಿದ ಕಂಪನಿ ಅದು. ಮಗ್ಗದ ದಾರಕ್ಕೆ ಕಾವಲಿತ್ತು, ಡಿಸ್ಕಿನ ಜಾಗಕ್ಕೆ ಇರಲಿಲ್ಲ.

ಈ ಎಲ್ಲ ಎಳೆಗಳು ಬಂದು ಸೇರುವ ಒಂದು ಊರಿದೆ. ಕ್ಯೂಶು ದ್ವೀಪದ ಕುಮಾಮೊಟೊ.

2023ರಲ್ಲಿ ಚಿಪ್ ಅಭಾವದಿಂದ ಸುಯಿಕಾ ಕಾರ್ಡ್ ಮಾರಾಟವೇ ನಿಂತುಹೋಗಿತ್ತು. ಮರುವರ್ಷ ಕುಮಾಮೊಟೊದ ಐದು ಬಸ್ ಮತ್ತು ರೈಲು ಕಂಪನಿಗಳು ಇನ್ನೊಂದು ಲೆಕ್ಕ ಹಾಕಿದವು. ದೇಶವೆಲ್ಲ ನಡೆಯುವ ಸುಯಿಕಾ ಥರದ ಕಾರ್ಡ್‌ಗಳನ್ನು ಓದುವ ಯಂತ್ರಗಳು ಹಳೆಯದಾಗಿದ್ದವು. ಬದಲಿಸಲು ಸುಮಾರು 120 ಕೋಟಿ ಯೆನ್. ಬ್ಯಾಂಕ್ ಕಾರ್ಡ್ ತಾಗಿಸುವ ಯಂತ್ರ ಹಾಕಿದರೆ ಹೆಚ್ಚುಕಡಿಮೆ ಅರ್ಧ ಖರ್ಚು. ಪ್ರಯಾಣಿಕರು ಕಮ್ಮಿಯಾಗಿ ಮೊದಲೇ ನಷ್ಟದಲ್ಲಿದ್ದ ಬಸ್ಸುಗಳು. ನಿಮಿಷಕ್ಕೆ 60 ಜನ ಹತ್ತುವ ಬಸ್ ಅಲ್ಲಿ ಯಾವುದಿದೆ? 2024ರ ನವೆಂಬರ್‌ನಲ್ಲಿ ಆ ಕಾರ್ಡ್‌ಗಳನ್ನು ಕೈಬಿಟ್ಟರು. ಊರಿನದ್ದೇ ಒಂದು ಕಾರ್ಡ್ ಉಳಿಸಿಕೊಂಡರು. ಜಪಾನಿನಲ್ಲಿ ಹೀಗೆ ಹಿಂದೆ ಸರಿದವರಲ್ಲಿ ಅವರೇ ಮೊದಲು. ದೊಡ್ಡ ಸುದ್ದಿಯಾಯಿತು. ನನಗೆ ಮಾತ್ರ ಅಬ್ಬಾ, ಕೊನೆಗೂ ಯಾರೋ ಒಂದು ಟೆಸ್ಟ್ ತೆಗೆದರಲ್ಲ ಅನ್ನಿಸಿತು.

ಅದೇ ವರ್ಷದ ಫೆಬ್ರವರಿಯಲ್ಲಿ, ಅದೇ ಕುಮಾಮೊಟೊ ಪ್ರಾಂತ್ಯದ ಕಿಕುಯೊ ಎಂಬ ಊರಿನಲ್ಲಿ, ತೈವಾನಿನ ಟಿಎಸ್‌ಎಂಸಿ ಕಂಪನಿಯ ಚಿಪ್ ಕಾರ್ಖಾನೆ ಉದ್ಘಾಟನೆ ಆಗಿತ್ತು. ಜಪಾನ್ ಸರ್ಕಾರ ಇದಕ್ಕೆ 47,600 ಕೋಟಿ ಯೆನ್ ತನಕ ನೆರವು ಕೊಡಲು ಒಪ್ಪಿತು. ಅಲ್ಲಿ ತಯಾರಾಗುವುದು ಅತಿ ಹೊಸ ಚಿಪ್ ಅಲ್ಲ. ಕಾರಿಗೆ, ಕ್ಯಾಮೆರಾ ಸೆನ್ಸರ್‌ಗೆ ಸಾಕಾಗುವಂಥದ್ದು. ಒಂದು ಕಾಲಕ್ಕೆ ಜಗತ್ತಿನ ಅರ್ಧ ಚಿಪ್ ಮಾಡುತ್ತಿದ್ದ ದೇಶ, 'ಸಾಕು' ಎನ್ನುವಂಥ ಚಿಪ್ಪನ್ನು ತನ್ನ ನೆಲದಲ್ಲಿ ಮಾಡಲು ತೈವಾನಿನವರನ್ನು ದುಡ್ಡು ಕೊಟ್ಟು ಕರೆಸಿಕೊಂಡಿದೆ. ಆ ಕಾರ್ಖಾನೆಯಲ್ಲಿ ಟಿಎಸ್‌ಎಂಸಿ ಜೊತೆ ಮೊದಲು ಪಾಲು ಹಾಕಿದ ಜಪಾನಿ ಕಂಪನಿಗಳು ಎರಡು. ಒಂದು ಸೋನಿ, ಇನ್ನೊಂದು ಡೆನ್ಸೊ.